ಇನೋ ದೇವಿಯ ಕೊಳ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಹೋದವರು ಅಲ್ಲಿಯ ಗಂಗೆಯ ಕೊಳವನ್ನು ಬಲ್ಲರು. ಹರಕೆ ಹೊತ್ತವರು ಪೂಜೆ ಮಾಡಿಸಿ ನೀರನ್ನೇ ನೋಡುತ್ತ ಕಾಯುತ್ತಾರೆ. ಮೇಲಕ್ಕೆ ತೇಲಿಬಂದದ್ದು ಗಂಗೆಯ ಪ್ರಸಾದ. ಗ್ರೀಸಿನ ಲಕೋನಿಯಾ ಸೀಮೆಯಲ್ಲಿದ್ದ ಒಂದು ಕೊಳವನ್ನು ಕ್ರಿ. ಶ. 2ನೆಯ ಶತಮಾನದ ಪ್ರವಾಸಿ ಪಾಸೇನಿಯಸ್ ವರ್ಣಿಸಿದ್ದಾನೆ. ಇನೋ ದೇವಿಯ ಹಬ್ಬದಲ್ಲಿ ಜನ ಅದಕ್ಕೆ ಜವೆಗೋಧಿಯ ರೊಟ್ಟಿಗಳನ್ನು ಎಸೆಯುತ್ತಿದ್ದರಂತೆ. ಅಲ್ಲಿಯ ಲೆಕ್ಕ ಮಾತ್ರ ತಿರುಗುಮುರುಗು: ರೊಟ್ಟಿ ಮುಳುಗಿದರೆ ಶುಭ, ತೇಲಿದರೆ ಅಪಶಕುನ.

ಇಷ್ಟರಿಂದ ಆ ಕೊಳಕ್ಕೂ ಈ ಕೊಳಕ್ಕೂ ನೆಂಟಸ್ತಿಕೆ ಹಚ್ಚುವ ಉತ್ಸಾಹ ನನಗಿಲ್ಲ; ಅಂಥ ಸಂಶೋಧನೆ ನಮ್ಮಲ್ಲಿ ಬೇಕಾದಷ್ಟಿದೆ. ಪಾಶ್ಚಾತ್ಯ ಕಾವ್ಯಮೀಮಾಂಸೆಯ ತರಗತಿಯಲ್ಲಿ ಒಮ್ಮೆ ಇದನ್ನು ಹೇಳಿದೆ, ಅಷ್ಟೆ. ಅರಿಸ್ಟಾಟಲನ ಲಕ್ಷಣವಾಕ್ಯವನ್ನು ಉರುಹೊಡೆದು ಒಪ್ಪಿಸಿ, ಆಮೇಲೆ ಬಾಯಿಬಿಡದಿದ್ದ ಹುಡುಗನೊಬ್ಬ ಎದ್ದುನಿಂತು, “ಅಲ್ಲಿ ಎಲ್ಲರೂ ರೊಟ್ಟಿ ಎಸೆಯಬಹುದಿತ್ತೇ ಸಾರ್, ಆಳುಮಕ್ಕಳೂ?” ಎಂದು ಕೇಳಿದ. ಪಾಸೇನಿಯಸ್ ಅದನ್ನು ಹೇಳುವುದಿಲ್ಲ. ಅಥೆನ್ಸಿನ ಪ್ರಜಾಪ್ರಭುತ್ವವನ್ನು ಹೊಗಳುವ ನಮ್ಮ ಪಾಠಗಳೂ, ಅಲ್ಲಿಯ ಸಭೆಯಲ್ಲಿ ಹೆಂಗಸರಿಗೂ ಗುಲಾಮರಿಗೂ ಜಾಗವಿರಲಿಲ್ಲವೆಂಬುದನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ.

ಗ್ರೀಕ್-ರೋಮನ್ ವಿದ್ಯೆಯೆಂದರೆ ಇಂಗ್ಲಿಷ್ ಬಲ್ಲ ದೊಡ್ಡವರ ಮನೆಯ ಸೊತ್ತೆಂದು ನಮ್ಮ ಹುಡುಗರು ನಂಬಿದ್ದಾರೆ. ಚಿತ್ರದುರ್ಗದವರಂತೂ ಹಾಗೆ ನಂಬಬೇಕಾಗಿಲ್ಲ. ಊರಿಗೆ ಅಂಟಿಕೊಂಡಿರುವ ಚಂದ್ರವಳ್ಳಿಯ ಮಣ್ಣಿನಲ್ಲಿ ಅಗಸ್ಟಸ್, ತೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ಸಿಕ್ಕಿವೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಉತ್ಖನನ ನಡೆಸಿದರು.

ಸಾಹಿತ್ಯದ ಬಾಗಿಲನ್ನು ಬಿ. ಎಂ. ಶ್ರೀಕಂಠಯ್ಯನವರು ಎಂದೋ ತೆರೆದಿಟ್ಟರು. 1929ರ ‘ಅಶ್ವತ್ಥಾಮನ್’ನಲ್ಲಿ ಸೊಫೊಕ್ಲೀಸನ ಏಜಾಕ್ಸ್ ನಮ್ಮ ದ್ರೋಣಪುತ್ರನಾದ. ಚಿರಂಜೀವಿಯನ್ನು ಸಾಯಿಸಿದರೆಂದು ಆಕ್ಷೇಪಿಸಿದವರುಂಟು. ಆದರೆ ಭಾರತ ಕೇಳಿ ಬೆಳೆದವನಿಗೆ ಮಾನ ಕಳೆದುಕೊಂಡ ವೀರನ ಸಂಕಟ ತಿಳಿಯಲು ಗ್ರೀಕ್ ವ್ಯಾಕರಣ ಬೇಕಾಗಲಿಲ್ಲ. 1935ರಲ್ಲಿ ‘ಪಾರಸಿಕರು’ ಬಂತು. ಸೋತ ಶತ್ರುವಿನ ಮನೆಯ ಗೋಳನ್ನು ಗೆದ್ದವರ ಮುಂದೆಯೇ ಆಡಿ ತೋರಿಸಿದ ಎಸ್ಕಿಲಸನ ನಾಟಕ ಅದು.

ಹುಡುಗನ ಪ್ರಶ್ನೆಯಾದ ಮೇಲೆ ನಾನು ಸೊಫೊಕ್ಲೀಸನ ನಾಟಕವನ್ನು ವೀರನಿಂದ ಮೊದಲುಮಾಡುವುದನ್ನು ಬಿಟ್ಟೆ, ಟೆಕ್ಮೆಸ್ಸಾಳಿಂದ ಮೊದಲುಮಾಡಿದೆ. ಸ್ವತಂತ್ರನಾದ ಸಿರಿವಂತ ತಂದೆಗೆ ಹುಟ್ಟಿ, ಯುದ್ಧದಲ್ಲಿ ಸೆರೆಸಿಕ್ಕಿ, ತನ್ನ ನಾಡನ್ನು ಹಾಳುಮಾಡಿದ ಏಜಾಕ್ಸನ ಬಳಿಯಲ್ಲೇ ದಾಸಿಯಾಗಿ ಬಾಳುವವಳು ಅವಳು. ಅವನು ಸತ್ತರೆ ತನಗೂ ಮಗುವಿಗೂ ಏನು ಗತಿಯೆಂದು ಅವನನ್ನೇ ಅಂಗಲಾಚುತ್ತಾಳೆ. ಆ ಬೇಡಿಕೆ ಪ್ರೀತಿಯದೋ ಭಯದ್ದೋ ಎಂದು ಹುಡುಗಿಯರಲ್ಲಿ ವಾದ ಹುಟ್ಟಿತು. ಗಂಟೆ ಹೊಡೆದರೂ ಮುಗಿಯಲಿಲ್ಲ.