ಬೀಪ್‌ಗೆ ಮುಂಚಿನ ದನಿ

1933ರ ಫೆಬ್ರವರಿ 14ರಂದು ಪ್ಯಾರಿಸ್ಸಿನ ಖಗೋಳ ವೀಕ್ಷಣಾಲಯಕ್ಕೆ ಒಂದೇ ದಿನ ಸುಮಾರು 1,40,000 ಫೋನ್ ಕರೆಗಳು ಬಂದವು. ಇದ್ದ ಲೈನುಗಳು 20. ಹಾಗಾಗಿ ಉತ್ತರ ಸಿಕ್ಕಿದ್ದು ಸುಮಾರು 20,000 ಕರೆಗಳಿಗೆ ಮಾತ್ರ. ಉತ್ತರಿಸಿದ್ದು ರೇಡಿಯೊ ಉದ್ಘೋಷಕ ಮಾರ್ಸೆಲ್ ಲಾಪೋರ್ಟ್ ಅವರ ದನಿ. ಅದನ್ನು ಮೊದಲೇ ಧ್ವನಿಮುದ್ರಿಸಿ ಇಡಲಾಗಿತ್ತು. ಟೈಮ್ ಎಷ್ಟು ಎಂದು ಕೇಳುವವರಿಂದಲೇ ವೀಕ್ಷಣಾಲಯದ ಫೋನು ಸದಾ ಎಂಗೇಜ್ ಆಗಿರುತ್ತಿತ್ತು. ಅದಕ್ಕೆ ನಿರ್ದೇಶಕ ಅರ್ನೆಸ್ಟ್ ಎಸ್ಕ್ಲಾಂಗೋ ಹುಡುಕಿದ ದಾರಿ ಈ ಮಾತಾಡುವ ಗಡಿಯಾರ.

ಇಂದು ಯಾವುದೇ ಕಚೇರಿಗೆ ಫೋನ್ ಮಾಡಿದರೂ ಮೊದಲು ಕೇಳಿಸುವುದು ಧ್ವನಿಮುದ್ರಿತ ಸ್ವಾಗತ. ಅದರ ಚರಿತ್ರೆ ಬರೆಯುವವರು ಪೇಟೆಂಟುಗಳನ್ನು ಲೆಕ್ಕ ಹಾಕುತ್ತಾರೆ, ದನಿ ಕೊಟ್ಟವರನ್ನು ಮರೆಯುತ್ತಾರೆ. ಆದರೆ ಯಂತ್ರದೊಡನೆ ಮಾತಾಡಲು ಒಪ್ಪದ ಜನರನ್ನು ಒಪ್ಪಿಸಿದ್ದು ಆ ದನಿಗಳೇ.

ಲಂಡನ್ನಿನವರಿಗೆ ಇದು ಬೇಗ ಅರ್ಥವಾಗಿತ್ತು. ಅಲ್ಲಿ ಟೆಲಿಫೋನ್ ನಡೆಸುತ್ತಿದ್ದ ಅಂಚೆ ಇಲಾಖೆ ತನ್ನ ಆಪರೇಟರುಗಳ ನಡುವೆಯೇ ‘ಚಿನ್ನದ ದನಿ’ಗಾಗಿ ಸ್ಪರ್ಧೆ ಇಟ್ಟಿತು. ತೀರ್ಪುಗಾರರಲ್ಲಿ ಆಸ್ಥಾನಕವಿ ಜಾನ್ ಮೇಸ್‌ಫೀಲ್ಡ್, ರಂಗನಟಿ ಸಿಬಿಲ್ ಥಾರ್ನ್‌ಡೈಕ್ ಇದ್ದರು. ಗೆದ್ದವರು ಎಥೆಲ್ ಕೇನ್. 1936ರ ಜುಲೈ 24ರಂದು ಅವರ ದನಿಯ ಗಡಿಯಾರ ಶುರುವಾಯಿತು. ಮೊದಲ ವರ್ಷವೇ ಸುಮಾರು 1.3 ಕೋಟಿ ಕರೆಗಳು.

ಹತ್ತು ಸೆಕೆಂಡಿಗೊಮ್ಮೆ ಸಮಯ ಹೇಳಬೇಕು ಎಂದರೆ ಹನ್ನೆರಡು ಗಂಟೆಗೆ 4,320 ಬೇರೆ ಬೇರೆ ವಾಕ್ಯಗಳು. ಅಷ್ಟನ್ನೂ ಯಾರೂ ಓದಲಿಲ್ಲ. ಗಂಟೆ, ನಿಮಿಷ, ಸೆಕೆಂಡುಗಳನ್ನು ಬಿಡಿಬಿಡಿಯಾಗಿ ಹೇಳಿಸಿ, ಗಾಜಿನ ತಟ್ಟೆಗಳ ಮೇಲೆ ಸಿನಿಮಾದ ಸೌಂಡ್‌ಟ್ರ್ಯಾಕ್ ಅಚ್ಚಾಗುವ ಬಗೆಯಲ್ಲೇ ಮೂಡಿಸಿದರು. ತಟ್ಟೆ ತಿರುಗುತ್ತಿದ್ದಂತೆ ಬೆಳಕಿನ ಕಿರಣ ಬೇಕಾದ ತುಣುಕುಗಳನ್ನು ಆಯ್ದು ಸೇರಿಸುತ್ತಿತ್ತು. ಹೊಲಿಗೆ ಎಲ್ಲೂ ಕಾಣದಂತೆ ಪ್ರತಿ ತುಣುಕನ್ನೂ ಒಂದೇ ವೇಗದಲ್ಲಿ, ಒಂದೇ ಶ್ರುತಿಯಲ್ಲಿ ಹೇಳುವುದು ಕೇನ್ ಅವರ ಕೆಲಸವಾಗಿತ್ತು. ಹಾಡುಗಾರರಿಗೂ ಸುಲಭವಲ್ಲದ ಹಿಡಿತ ಅದು.

ಯಜಮಾನ ಇಲ್ಲದಾಗ ಫೋನೆತ್ತುವ ಪೆಟ್ಟಿಗೆ ಇನ್ನೊಂದು ಹೆಜ್ಜೆ. 1949ರ ಸುಮಾರಿಗೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೋಸೆಫ್ ಝಿಮರ್‌ಮನ್ ‘ಎಲೆಕ್ಟ್ರಾನಿಕ್ ಸೆಕ್ರೆಟರಿ’ ತಯಾರಿಸಿದರು. ಗಂಟೆ ಬಾರಿಸಿದೊಡನೆ ಒಂದು ಸನ್ನೆಗೋಲು ರಿಸೀವರನ್ನು ಎತ್ತುತ್ತಿತ್ತು. ಗ್ರಾಮಫೋನ್ ತಟ್ಟೆಯಿಂದ ಸ್ವಾಗತದ ಮಾತು ಹೊರಡುತ್ತಿತ್ತು, ಕರೆದವರ ಮಾತು ತಂತಿಯ ಮೇಲೆ ಮುದ್ರಿತವಾಗುತ್ತಿತ್ತು. ಆಗ ಅಮೆರಿಕದ ಟೆಲಿಫೋನ್ ಕಂಪನಿಗಳು ಹೊರಗಿನವರ ಉಪಕರಣವನ್ನು ತಮ್ಮ ಲೈನಿಗೆ ಜೋಡಿಸಲು ಬಿಡುತ್ತಿರಲಿಲ್ಲ. ಆ ಬಿಗಿ ಸಡಿಲವಾಗಿದ್ದು ಹೊರಗಿನ ಉಪಕರಣಗಳನ್ನು ಜೋಡಿಸಲು ಅವಕಾಶ ಕೊಟ್ಟ 1968ರ ಕಾರ್ಟರ್‌ಫೋನ್ ತೀರ್ಪಿನಿಂದ.

ವಾಯ್ಸ್‌ಮೇಲ್ ಎಂದು ಇಂದು ಕರೆಯುವುದಕ್ಕೆ ರೂಪ ಕೊಟ್ಟವರಲ್ಲಿ ಟೆಕ್ಸಾಸಿನ ಗಾರ್ಡನ್ ಮ್ಯಾಥ್ಯೂಸ್ ಮುಖ್ಯರು. 1979ರಲ್ಲಿ ಅವರು ವಿಎಂಎಕ್ಸ್ ಕಂಪನಿ ಕಟ್ಟಿದರು. ಮೊದಲ ಗಿರಾಕಿ 3ಎಂ ಕಂಪನಿ. 1983ರಲ್ಲಿ ಪೇಟೆಂಟ್ ಬಂತು, ಅದರಲ್ಲಿ ಮ್ಯಾಥ್ಯೂಸ್ ಹೆಸರಿದೆ. ಆ ವ್ಯವಸ್ಥೆಯ ಮೊದಲ ಸ್ವಾಗತದ ಮಾತನ್ನು ಧ್ವನಿಮುದ್ರಿಸಿಕೊಟ್ಟವರು ಅವರ ಹೆಂಡತಿ ಮೋನಿಕಾ.

ಈ ಕಸುಬಿನ ಹಿರಿಯರೆಂದರೆ ಅಟ್ಲಾಂಟಾದ ಜೇನ್ ಬಾರ್ಬಿ. ಆಡಿಕ್ರಾನ್ ಕಂಪನಿಗಾಗಿ ಸಮಯ, ತಾಪಮಾನ, ‘ನೀವು ಡಯಲ್ ಮಾಡಿದ ನಂಬರು ಚಾಲ್ತಿಯಲ್ಲಿಲ್ಲ’ ಎಂಬಂಥ ಮಾತುಗಳನ್ನೆಲ್ಲ ಹೇಳಿದವರು. 2003ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರ ದನಿ ಕೇಳದ ಅಮೆರಿಕನ್ನರು ಸಿಗುವುದೇ ಕಷ್ಟವಿತ್ತು, ಮುಖ ಬಲ್ಲವರು ಮಾತ್ರ ಬೆರಳೆಣಿಕೆಯಷ್ಟು.

ಅಂಕಿಗಳ ತುಣುಕುಗಳನ್ನು ಜೋಡಿಸಿ ಮಾತು ಕಟ್ಟುವ ಈ ಕೆಲಸ ಕನ್ನಡಕ್ಕೆ ಬಂದಾಗ ಬೇರೆಯದೇ ತೊಡಕು. ಇಂಗ್ಲಿಷಿನಲ್ಲಿ ಸಮಯವೋ ಮೊತ್ತವೋ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ದನಿ ಅಲ್ಲಿ ಇಳಿದು ನಿಂತರೆ ಸಾಕು. ‘ನಿಮ್ಮ ಖಾತೆಯಲ್ಲಿ ನೂರಾ ಹತ್ತು ರೂಪಾಯಿ ಉಳಿದಿದೆ’ ಎನ್ನುವಾಗ ಅಂಕಿ ನಡುವೆ ಬರುತ್ತದೆ, ಕ್ರಿಯಾಪದ ಇನ್ನೂ ಬಾಕಿ. ‘ಹತ್ತು’ ಎಂಬಲ್ಲಿ ದನಿ ಇಳಿಸಿದರೆ ಕೇಳುವವರು ಮಾತು ಮುಗಿಯಿತೆಂದುಕೊಳ್ಳುತ್ತಾರೆ. ಹಾಗಾಗಿ ಕನ್ನಡದ ಕಲಾವಿದೆ ಅದೇ ‘ಹತ್ತು’ ಎಂಬುದನ್ನು ಒಮ್ಮೆ ಮುಗಿಸಿ ಹೇಳಬೇಕು, ಇನ್ನೊಮ್ಮೆ ಮುಂದಿನ ಮಾತಿಗಾಗಿ ಎತ್ತಿ ಹಿಡಿದು ಹೇಳಬೇಕು.