ರಾಸಾಯನಿಕ ನಾಮಕರಣದ ಇತಿಹಾಸ

ಸಂಯುಕ್ತವೊಂದರಲ್ಲಿ ಯಾವ ಧಾತುಗಳಿವೆ, ಅವು ಯಾವ ಪ್ರಮಾಣದಲ್ಲಿ ಸೇರಿವೆ ಎಂಬುದು ಹೆಸರಿನಿಂದಲೇ ತಿಳಿಯುವಂತೆ ಹೆಸರಿಡುವ ಕ್ರಮಕ್ಕೆ ರಾಸಾಯನಿಕ ನಾಮಕರಣ ಎನ್ನುತ್ತಾರೆ. ಶಾಲೆಯಲ್ಲಿ ಇಂದು ಕಲಿಸುವ ಸೋಡಿಯಂ ಕ್ಲೋರೈಡ್, ಇಂಗಾಲದ ಡೈಆಕ್ಸೈಡ್‌ನಂಥ ಹೆಸರುಗಳ ಮೂಲ 1787ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದ ಒಂದು ಪುಸ್ತಕದಲ್ಲಿದೆ.

ಹಳೆಯ ಹೆಸರುಗಳು: ಅದಕ್ಕೂ ಮೊದಲು ವಸ್ತುಗಳಿಗೆ ಊರು, ವ್ಯಕ್ತಿ, ರೂಪ, ಬಣ್ಣಗಳ ಮೇಲೆ ಹೆಸರು ಬೀಳುತ್ತಿತ್ತು. ಇಂಗ್ಲೆಂಡಿನ ಎಪ್ಸಮ್ ಊರಿನ ಬುಗ್ಗೆ ನೀರಿನಿಂದ ಸಿಕ್ಕ ಮೆಗ್ನೀಸಿಯಂ ಸಲ್ಫೇಟ್ ಎಪ್ಸಮ್ ಉಪ್ಪಾಯಿತು. ಸೋಡಿಯಂ ಸಲ್ಫೇಟಿಗೆ 17ನೆಯ ಶತಮಾನದ ಜರ್ಮನ್ ರಸಾಯನಜ್ಞ ಗ್ಲೌಬರನ ಹೆಸರು ಅಂಟಿತು. ಮೆತ್ತಗಿದ್ದ ಆಂಟಿಮನಿ ಟ್ರೈಕ್ಲೋರೈಡನ್ನು ‘ಆಂಟಿಮನಿಯ ಬೆಣ್ಣೆ’ ಎಂದರು. ಕನ್ನಡದ ಮೈಲುತುತ್ತ, ನವಸಾಗರ, ಪೆಟ್ಲುಪ್ಪುಗಳೂ ಇದೇ ಜಾತಿಯವು. ಅಂಗಡಿಯಲ್ಲಿ ವಸ್ತುವನ್ನು ಕೇಳಿ ಪಡೆಯಲು ಇಷ್ಟು ಸಾಕು. ಅದರೊಳಗೆ ತಾಮ್ರವಿದೆಯೋ ಪೊಟ್ಯಾಸಿಯಂ ಇದೆಯೋ ಎಂಬುದು ಇವುಗಳಿಂದ ತಿಳಿಯದು.

1787ರ ಪದ್ಧತಿ: ಸ್ವೀಡನ್ನಿನ ಉಪ್ಸಾಲಾದಲ್ಲಿ ಟೋರ್ಬರ್ನ್ ಬೆರ್ಗ್‌ಮನ್ ಹೆಸರುಗಳ ಸುಧಾರಣೆಗೆ ಕೈಹಾಕಿದ್ದ. ಫ್ರಾನ್ಸಿನ ದಿಜೋನ್ ನಗರದ ವಕೀಲ, ರಸಾಯನಜ್ಞ ಗೀತೋಂ ದ ಮೋರ್ವೊ 1782ರಲ್ಲಿ ತನ್ನದೇ ಯೋಜನೆ ಪ್ರಕಟಿಸಿದ. ಲವಾಸಿಯೆ, ಬರ್ತೊಲೆ, ಫೂರ್‌ಕ್ರ್ವಾ ಅವನೊಡನೆ ಸೇರಿ 1787ರ ಗ್ರಂಥ ರಚಿಸಿದರು. ಧಾತುವಿಗೆ ಒಂದೇ ಹೆಸರು, ಸಂಯುಕ್ತಕ್ಕೆ ಅದರ ಘಟಕಗಳಿಂದಾದ ಹೆಸರು ಎಂಬುದು ಇದರ ತಿರುಳು. ಗಂಧಕವನ್ನೇ ನೋಡಬಹುದು: ಆಕ್ಸಿಜನ್ ಹೆಚ್ಚಿರುವ ಆಮ್ಲ ಸಲ್ಫ್ಯೂರಿಕ್, ಕಡಿಮೆಯಿರುವುದು ಸಲ್ಫ್ಯೂರಸ್, ಮೊದಲನೆಯದರ ಲವಣ ಸಲ್ಫೇಟ್, ಎರಡನೆಯದರದು ಸಲ್ಫೈಟ್. ಆಕ್ಸಿಜನ್ ಇಲ್ಲದೆ ಗಂಧಕ ನೇರವಾಗಿ ಲೋಹದೊಡನೆ ಕೂಡಿದರೆ ಇಂದಿನ ಸಲ್ಫೈಡ್.

ಆಮ್ಲಗಳಲ್ಲೆಲ್ಲ ಆಕ್ಸಿಜನ್ ಇದ್ದೇ ಇರುತ್ತದೆ ಎಂದು ಲವಾಸಿಯೆ ನಂಬಿದ್ದ. ಆಮ್ಲವನ್ನು ಹುಟ್ಟಿಸುವುದು ಎಂಬರ್ಥದ ಆಕ್ಸಿಜನ್ ಎಂಬ ಹೆಸರೂ ಈ ನಂಬಿಕೆಯದೇ ಫಲ. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಕ್ಲೋರಿನ್ ಒಂದು ಧಾತು, ಇಂದು ನಾವು ಹೈಡ್ರೋಕ್ಲೋರಿಕ್ ಎನ್ನುವ ಆಮ್ಲದಲ್ಲಿ ಆಕ್ಸಿಜನ್ ಇಲ್ಲ ಎಂದು ತೋರಿಸಿದ. ಸಿದ್ಧಾಂತ ಬಿದ್ದರೂ ಹೆಸರು ಉಳಿಯಿತು.

ಪ್ರಮಾಣದ ಪ್ರಶ್ನೆ: ಡಾಲ್ಟನ್ನನ ಪರಮಾಣು ಸಿದ್ಧಾಂತ ಬಂದ ಮೇಲೆ ಎಷ್ಟು ಪರಮಾಣುಗಳು ಎಂಬುದನ್ನೂ ಹೆಸರು ಹೇಳಬೇಕಾಯಿತು. ಸ್ವೀಡನ್ನಿನ ಬರ್ಜೀಲಿಯಸ್ 1813–14ರಲ್ಲಿ ಧಾತುಗಳಿಗೆ ಅಕ್ಷರ ಸಂಕೇತಗಳನ್ನು ಕೊಟ್ಟ. ಮಾನೊ, ಡೈ, ಟ್ರೈ ಎಂಬ ಗ್ರೀಕ್ ಪೂರ್ವಪ್ರತ್ಯಯಗಳು ಅಲೋಹಗಳ ಸಂಯುಕ್ತಗಳಿಗೆ ಒಗ್ಗಿದವು.

ಲೋಹಗಳಲ್ಲಿ ತೊಡಕು ಉಳಿಯಿತು. ‘ಅಸ್’, ‘ಇಕ್’ ಪ್ರತ್ಯಯಗಳು ಕಡಿಮೆ, ಹೆಚ್ಚು ಎಂದಷ್ಟೇ ಹೇಳುತ್ತವೆ. ಕ್ಯುಪ್ರಸ್‌ನಲ್ಲಿ ತಾಮ್ರದ ಉತ್ಕರ್ಷಣ ಸ್ಥಿತಿ (ಪರಮಾಣು ಬಿಟ್ಟುಕೊಟ್ಟಿದೆಯೆಂದು ಎಣಿಸುವ ಎಲೆಕ್ಟ್ರಾನ್‌ಗಳ ಸಂಖ್ಯೆ) 1, ಕ್ಯುಪ್ರಿಕ್‌ನಲ್ಲಿ 2. ಫೆರಸ್‌ನಲ್ಲಿ ಕಬ್ಬಿಣದ್ದು 2, ಫೆರಿಕ್‌ನಲ್ಲಿ 3. ಹೊಸ ವಿದ್ಯಾರ್ಥಿ ಒಂದೊಂದು ಲೋಹಕ್ಕೂ ಬೇರೆಬೇರೆಯಾಗಿ ಬಾಯಿಪಾಠ ಮಾಡಬೇಕಿತ್ತು. ಅಕ್ಷರ ತಪ್ಪಿದರೆ ಅಪಾಯವೂ ಇತ್ತು: ಮರ್ಕ್ಯುರಸ್ ಕ್ಲೋರೈಡ್ ಒಂದು ಕಾಲಕ್ಕೆ ಭೇದಿ ಔಷಧಿ, ಮರ್ಕ್ಯುರಿಕ್ ಕ್ಲೋರೈಡ್ ಘೋರ ವಿಷ. 1919ರಲ್ಲಿ ಜರ್ಮನಿಯ ಆಲ್ಫ್ರೆಡ್ ಸ್ಟಾಕ್ ಸ್ಥಿತಿಯ ಸಂಖ್ಯೆಯನ್ನೇ ಹೆಸರಿನೊಳಗೆ ಬರೆಯಲು ಸೂಚಿಸಿದ. ಹೀಗೆ ಫೆರಸ್ ಕ್ಲೋರೈಡನ್ನು ಐರನ್ ಪಕ್ಕದಲ್ಲಿ ರೋಮನ್ ಅಂಕಿ ಎರಡನ್ನು ಆವರಣದಲ್ಲಿ ಹಾಕಿ ಬರೆಯುವ ರೂಢಿ ಬಂತು.

ಅಂತಾರಾಷ್ಟ್ರೀಯ ನಿಯಮಗಳು: ಸಾವಯವ ಸಂಯುಕ್ತಗಳ ನಿಯಮಗಳಿಗೆ 1892ರ ಜಿನೀವಾ ಸಮ್ಮೇಳನ ಬುನಾದಿ ಹಾಕಿತು. 1919ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ, ಐಯುಪಿಎಸಿ, 1940ರಲ್ಲಿ ನಿರವಯವ ಸಂಯುಕ್ತಗಳ ನಿಯಮಗಳನ್ನು ಪ್ರಕಟಿಸಿತು. ಈ ನಿಯಮಗಳ ‘ಕೆಂಪು ಪುಸ್ತಕ’ 2005ರಲ್ಲಿ ಪರಿಷ್ಕರಣೆಗೊಂಡಿತು. ನೀರು, ಅಮೋನಿಯಾದಂಥ ರೂಢಿನಾಮಗಳಿಗೆ ಅದರಲ್ಲೂ ಮಾನ್ಯತೆಯಿದೆ. ಹಳೆಯ ಪ್ರತ್ಯಯಗಳನ್ನು ನಿಯಮಗಳು ಕೈಬಿಟ್ಟರೂ ಔಷಧ ವ್ಯವಹಾರದಲ್ಲಿ ಅವು ಚಾಲ್ತಿಯಲ್ಲಿವೆ. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆಗೆ ಫೆರಸ್ ಸಲ್ಫೇಟ್ ಎಂಬ ಹೆಸರೇ ಬಳಕೆಯಲ್ಲಿದೆ.