ತೊಗಲುಗೊಂಬೆಯಿಂದ ಕಾರ್ಟೂನಿಗೆ: ದುರ್ಗದ ಸೀಮೆಯ ಪರದೆ ಕಥೆ

ಇವತ್ತಿನ ಕಂತನ್ನ ಒಂದು ಬೈಗುಳದಿಂದ ಶುರು ಮಾಡ್ತೀನಿ. "ಕಾರ್ಟೂನ್ ನೋಡ್ತಾ ಕೂತಿದೀಯಲ್ಲ, ನೀನೇನು ಚಿಕ್ಕ ಮಗೂನಾ?" ಇಪ್ಪತ್ತು ದಾಟಿದವರು ಮನೆಯಲ್ಲಿ ಅನಿಮೇಷನ್ ಸಿನಿಮಾ ಹಾಕ್ಕೊಂಡ್ರೆ ಅಮ್ಮನೋ ಚಿಕ್ಕಪ್ಪನೋ ಹೇಳೋ ಮಾತು ಇದು. ಅನಿಮೇಷನ್ ಅಂದ್ರೆ ಮಕ್ಕಳದ್ದು, ದೊಡ್ಡವರಿಗೆ ಅದರಲ್ಲಿ ಏನಿದೆ ಅನ್ನೋದು ಇದರ ಅರ್ಥ. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಬಯಲುಸೀಮೆಯ ಊರುಗಳ ಹಳೇ ಕಥೆ ಕೇಳಿದ್ರೆ ಈ ಬೈಗುಳ ನಿಲ್ಲೋದಿಲ್ಲ. ನಮ್ಮ ಕಡೆ ಬಣ್ಣದ ಚಿತ್ರ ಪರದೆ ಮೇಲೆ ಕುಣಿದಾಗ ಅದನ್ನ ನೋಡೋಕೆ ಕೂತಿದ್ದು ಇಡೀ ಊರು.

ನಾನು ಹೇಳ್ತಿರೋದು ತೊಗಲುಗೊಂಬೆಯಾಟದ ಬಗ್ಗೆ. ಕಿಳ್ಳೇಕ್ಯಾತರು, ಶಿಳ್ಳೇಕ್ಯಾತರು ಅಂತ ಕರೆಸಿಕೊಳ್ಳೋ ಸಮುದಾಯದ ಕುಟುಂಬಗಳು ಊರಿಂದೂರಿಗೆ ಹೋಗಿ ಆಡ್ತಿದ್ದ ಆಟ ಅದು. ಮನೆಯೊಳಗೆ ಅವರು ಮರಾಠಿ ಬೆರೆತ ಮಾತು ಆಡ್ತಾರೆ, ಪರದೆ ಹಿಂದೆ ಕೂತಾಗ ಅಪ್ಪಟ ಕನ್ನಡ. ಚರ್ಮವನ್ನ ಹದ ಮಾಡಿ, ಬೆಳಕು ತೂರೋ ಹಾಗೆ ತೆಳು ಮಾಡಿ, ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದು ಬಣ್ಣ ಹಚ್ಚೋದು. ಬಿಳಿ ಪರದೆ ಕಟ್ಟಿ ಹಿಂದೆ ಹರಳೆಣ್ಣೆ ದೀಪ ಇಟ್ಟರೆ ರಾತ್ರಿಯಿಡೀ ರಾಮಾಯಣ, ಮಹಾಭಾರತ. ಮಳೆ ಹೋದ ವರ್ಷ ಗೊಂಬೆ ಆಡಿಸಿದ್ರೆ ಮಳೆ ಬರುತ್ತೆ ಅನ್ನೋ ನಂಬಿಕೆಯೂ ಇತ್ತು. ಬರಗಾಲಕ್ಕೆ ಹೆಸರಾದ ಸೀಮೆಯಲ್ಲಿ ಆ ನಂಬಿಕೆಯ ತೂಕ ಎಷ್ಟು ಅಂತ ನಾನು ಬಿಡಿಸಿ ಹೇಳ್ಬೇಕಿಲ್ಲ.

ಇಲ್ಲೊಂದು ವಿಷಯ ನನಗೆ ತುಂಬಾ ಇಷ್ಟ. ಕರ್ನಾಟಕದ ಗೊಂಬೆಗಳ ಅಳತೆ ಒಂದೇ ಥರ ಇರಲ್ಲ. ರಾಜರು, ದೇವರು ದೊಡ್ಡ ಗೊಂಬೆ, ಆಳುಕಾಳು ಚಿಕ್ಕದು. ಒಂದೇ ಪಾತ್ರಕ್ಕೆ ಬೇರೆ ಬೇರೆ ಸಂದರ್ಭಕ್ಕೆ ಬೇರೆ ಬೇರೆ ಗೊಂಬೆ ಇರ್ತಿತ್ತು. ಇವತ್ತು ಅನಿಮೇಷನ್ ಸ್ಟುಡಿಯೋದಲ್ಲಿ ಒಂದು ಪಾತ್ರದ ಭಾವಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬಿಡಿಸಿ ಗೋಡೆಗೆ ಅಂಟಿಸ್ಕೊಳ್ತಾರಲ್ಲ, ಇಲ್ಲಿ ಆ ಹಾಳೆ ಚರ್ಮದಲ್ಲಿತ್ತು. ಇನ್ನು ಹಾಸ್ಯಕ್ಕೆ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ. ಪುರಾಣದ ಮಧ್ಯೆ ನುಗ್ಗಿ ಊರ ಗೌಡನ ಕಾಲೆಳೆಯೋರು ಇವರೇ. ಇವರ ಕುಣಿತ ನೋಡಿ ಮಕ್ಕಳು ನಗ್ತಿದ್ರು, ಮಾತು ಕೇಳಿ ದೊಡ್ಡವರು ನಗ್ತಿದ್ರು. ಒಂದೇ ದೃಶ್ಯಕ್ಕೆ ಎರಡು ನಗು. ಪಿಕ್ಸಾರ್‌ನವರು ಇವತ್ತು ಮಾಡ್ತಿರೋದೂ ಬಹುಮಟ್ಟಿಗೆ ಇದನ್ನೇ.

ಜರ್ಮನಿಯಲ್ಲಿ ಲೋಟೆ ರೈನಿಗರ್ ಅನ್ನೋ ಹೆಣ್ಣುಮಗಳು ಕಪ್ಪು ರಟ್ಟನ್ನ ಕತ್ತರಿಯಲ್ಲಿ ಕತ್ತರಿಸಿ, ಕೆಳಗಿಂದ ದೀಪ ಹಾಯಿಸಿ, ಒಂದೊಂದೇ ಚೌಕಟ್ಟು ತೆಗೆದು ಮೂರು ವರ್ಷ ಕೂತು 1926ರಲ್ಲಿ 'ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಹ್ಮದ್' ಮಾಡಿದರು. ಇವತ್ತಿಗೂ ಉಳಿದಿರೋ ಪೂರ್ಣಾವಧಿ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು. ದೀಪ, ಕತ್ತರಿಸಿದ ಆಕೃತಿ, ಪರದೆ. ನೋಡಿದ್ರೆ ನಮ್ಮ ಗೊಂಬೆಯಾಟದ ದೂರದ ನೆಂಟರ ಥರಾನೇ ಇದೆ, ಅಲ್ವಾ?

ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ಚರ್ಮದ ಗೊಂಬೆಗಳಲ್ಲಿ ಗಾಂಧೀಜಿಯನ್ನ, ಸ್ವಾತಂತ್ರ್ಯ ಹೋರಾಟವನ್ನ ತಂದರು. ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಆಗ ಅವರ ವಯಸ್ಸು 90 ದಾಟಿತ್ತು. ಗೌರವ ಬಂದಿದ್ದು ಸಂತೋಷವೇ. ಆದರೆ ರಾತ್ರಿಯಿಡೀ ಕೂತು ನೋಡೋ ಊರು ಅಷ್ಟೊತ್ತಿಗೆ ಟೀವಿ ಮುಂದೆ ಹೋಗಿಯಾಗಿತ್ತು.

ಟೀವಿ ಕಥೆಯಲ್ಲಿ ನನ್ನ ಸಿಟ್ಟೂ ಇದೆ. 1960ರ ದಶಕದಲ್ಲಿ ಡಬ್ಬಿಂಗ್ ವಿರುದ್ಧ ಕನ್ನಡದಲ್ಲಿ ಚಳವಳಿ ನಡೀತು, ಅನಕೃ ಅವರಂಥ ಸಾಹಿತಿಗಳು ಮುಂದೆ ನಿಂತರು. ಆ ಹೊತ್ತಿಗೆ ಅದು ನ್ಯಾಯವೇ. ನಮ್ಮ ಸಿನಿಮಾಗಳು ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗ್ತಿದ್ದವು, ಬೇರೆ ಭಾಷೆಯ ಚಿತ್ರಗಳು ಕನ್ನಡದ ದನಿ ಹಾಕ್ಕೊಂಡು ಬಂದ್ರೆ ಇಲ್ಲಿನ ಕಲಾವಿದರ ಅನ್ನ ಹೋಗ್ತಿತ್ತು. ಹಾಗಾಗಿ ಯಾವ ಕಾನೂನೂ ಇಲ್ಲದೆ ಡಬ್ಬಿಂಗ್ ನಿಂತಿತು. ಆದರೆ ಆ ಬಾಗಿಲು ಹಾಕಿದಾಗ ಮಕ್ಕಳೂ ಹೊರಗೆ ಉಳಿದರು, ಅದನ್ನ ಯಾರೂ ಗಮನಿಸಲಿಲ್ಲ. 2016ರ 'ದಿ ಜಂಗಲ್ ಬುಕ್' ಹಿಂದಿ, ತಮಿಳು, ತೆಲುಗಲ್ಲಿ ಮಾತಾಡಿತು, ಕನ್ನಡದಲ್ಲಿ ಇಲ್ಲ. 2019ರ 'ದಿ ಲಯನ್ ಕಿಂಗ್' ಕೂಡ ಹಾಗೇ. ಆಂಧ್ರದ ಗಡಿಗೆ ಅಂಟಿಕೊಂಡಿರೋ ಹಿರಿಯೂರಿನ ಧರ್ಮಪುರದ ಕಡೆ ತೆಲುಗು ಬರೋ ಮನೆಗಳಿವೆ, ಅಲ್ಲಿಯ ಮಗು ನಾನಿಯ ದನಿಯಲ್ಲಿ ಸಿಂಬನನ್ನ ಕೇಳಬಹುದಿತ್ತು. ಹೊಸದುರ್ಗದ ಮಗುವಿಗೆ? ಇಂಗ್ಲಿಷ್ ಬರಬೇಕು, ಇಲ್ಲಾ ಬರೀ ಚಿತ್ರ ನೋಡ್ಕೋಬೇಕು. ಕಾಡಿನ ಕತೆಗೆ ಕನ್ನಡದ ಪದಗಳು ಆ ಮಗುವಿನ ಕಿವಿಗೆ ಬೀಳಲೇ ಇಲ್ಲ.

ಸಣ್ಣ ಕಿಟಕಿ ತೆರೆದಿದ್ದು ಟೀವಿ. 2009ರಲ್ಲಿ ಚಿಂಟು ಟೀವಿ ಬಂತು, ಡೋರಾ ಕನ್ನಡ ಮಾತಾಡಿದಳು. ಇದನ್ನ ಕೇಳ್ತಿರೋರಲ್ಲಿ ಎಷ್ಟೋ ಜನ ಶಾಲೆಯಿಂದ ಬಂದು ಬ್ಯಾಗ್ ಎಸೆದು ಅದರ ಮುಂದೆ ಕೂತೋರೇ ಇರ್ತೀರಿ. ಡೋರಾ ಪ್ರಶ್ನೆ ಕೇಳಿ ಸುಮ್ಮನಾಗ್ತಿದ್ದಳು, ನೀವು ಟೀವಿಗೆ ಉತ್ತರ ಕೂಗ್ತಿದ್ರಿ. ನಗಬೇಡಿ, ಭಾಷೆ ಕಲಿಯೋದಕ್ಕೆ ಆ ಸುಮ್ಮನಿರೋ ಹೊತ್ತು ಬಹಳ ದೊಡ್ಡದು. ಮುಂದೆ 2015ರ ಜುಲೈನಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ತಪ್ಪು ಅಂತ ಆದೇಶ ಕೊಟ್ಟಿತು. ಆಮೇಲೂ ಥಿಯೇಟರಿನ ಬಾಗಿಲು ನಿಧಾನಕ್ಕೇ ತೆರೆಯಿತು.

ಈ ನಡುವೆ ಒಂದು ತಮಾಷೆ ಆಯ್ತು. ನಮ್ಮ ಪುಣ್ಯಕೋಟಿ ಗೊತ್ತಲ್ಲ, ಪ್ರತಿ ಕನ್ನಡ ಮಗು ಕಣ್ಣಲ್ಲಿ ನೀರು ತಂದ್ಕೊಂಡು ಕೇಳಿದ ಹಸುವಿನ ಕತೆ. ಬೆಂಗಳೂರಿನ ರವಿಶಂಕರ್ ವಿ. ಅದನ್ನ ಅನಿಮೇಷನ್ ಮಾಡಿದರು, ಜನರಿಂದ ಹಣ ಕೂಡಿಸಿ, ವರ್ಷಗಟ್ಟಲೆ ದುಡಿದು. 2020ರಲ್ಲಿ ನೆಟ್‌ಫ್ಲಿಕ್ಸಿಗೂ ಬಂತು. ಆದರೆ ಚಿತ್ರದ ಭಾಷೆ ಸಂಸ್ಕೃತ! ಅವರ ಶ್ರಮಕ್ಕೆ ನನ್ನ ನಮಸ್ಕಾರ ಇದ್ದೇ ಇದೆ. ಹಸು ಕನ್ನಡದಲ್ಲೇ ಮಾತಾಡಿದ್ದಿದ್ರೆ ಅನ್ನೋ ಆಸೆಯೂ ಇದೆ.

2025ರ ಜುಲೈ 25ಕ್ಕೆ 'ಮಹಾವತಾರ ನರಸಿಂಹ' ಬಂತು. ಅಶ್ವಿನ್ ಕುಮಾರ್ ನಿರ್ದೇಶನ, ಅರ್ಪಿಸಿದ್ದು ನಮ್ಮ ಹೊಂಬಾಳೆ ಫಿಲಂಸ್, ಕನ್ನಡದಲ್ಲೂ ಬಿಡುಗಡೆ. ಗಳಿಕೆ 300 ಕೋಟಿ ದಾಟಿತು. ಅಜ್ಜ-ಅಜ್ಜಿ, ಮೊಮ್ಮಗ ಒಂದೇ ಸಾಲಲ್ಲಿ ಕೂರಬಹುದಾದ ಚಿತ್ರ. ಅಜ್ಜನ ತಲೆಯಲ್ಲಿ 1983ರ 'ಭಕ್ತ ಪ್ರಹ್ಲಾದ', ಅಣ್ಣಾವ್ರ ಹಿರಣ್ಯಕಶಿಪು, ಪುಟ್ಟ ಪುನೀತ್ ಪ್ರಹ್ಲಾದ. ಮೊಮ್ಮಗನಿಗೆ ಕಂಬ ಒಡೆದು ಬರೋ ಗ್ರಾಫಿಕ್ಸ್ ಸಿಂಹ. ಚಿತ್ರ ಮುಗಿದ ಮೇಲೆ ಇಬ್ಬರಿಗೂ ಮಾತಾಡೋಕೆ ಏನೋ ಸಿಗುತ್ತೆ. ಅನಿಮೇಷನ್ನಿನ ಲಾಭ ಏನು ಅಂತ ನನ್ನನ್ನ ಕೇಳಿದ್ರೆ ಮೊದಲು ಹೇಳೋದು ಇದನ್ನೇ. ಎರಡನೇದು ಭಯದ ವಿಷಯ. ನಿಜವಾದ ನಟ ಹೊಟ್ಟೆ ಬಗೆದ್ರೆ ಮಗು ಹೆದರಿ ಓಡುತ್ತೆ. ಬಿಡಿಸಿದ ಚಿತ್ರ ಅದೇ ಕೆಲಸ ಮಾಡಿದ್ರೆ ಹೆದರುತ್ತೆ, ಆದರೂ ಕೂತು ನೋಡುತ್ತೆ. ಸಾವು, ಅನ್ಯಾಯ, ಅಪ್ಪನ ಕ್ರೌರ್ಯದಂಥ ವಿಷಯಗಳನ್ನ ಅಷ್ಟು ದೂರದಲ್ಲಿ ನಿಂತು ನೋಡೋ ಅನುಕೂಲ ದೊಡ್ಡವರಿಗೂ ಬೇಕು.

ಹಾಗಂತ ಮೊಬೈಲ್ ಕೊಟ್ಟು ಊಟ ಮಾಡಿಸೋದನ್ನ ನಾನು ಹೊಗಳ್ತಿಲ್ಲ. 2011ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು ನಾಲ್ಕು ವರ್ಷದ 60 ಮಕ್ಕಳನ್ನ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸರಸರ ಓಡೋ ಕಾರ್ಟೂನು, ಇನ್ನೊಂದಕ್ಕೆ ನಿಧಾನದ ಕಲಿಕೆಯ ಕಾರ್ಟೂನು, ಮೂರನೇದಕ್ಕೆ ಬಣ್ಣದ ಕಡ್ಡಿ. ಬರೀ ಒಂಬತ್ತೇ ನಿಮಿಷ. ಆಮೇಲೆ ಗಮನ ಇಟ್ಟು ಮಾಡೋ ಕೆಲಸದಲ್ಲಿ ಮೊದಲ ಗುಂಪು ಹಿಂದೆ ಬಿತ್ತು, ನಿಧಾನದ ಕಾರ್ಟೂನು ನೋಡಿದವರಿಗೆ ಅಂಥ ತೊಂದರೆ ಕಾಣಲಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಂದ್ರೆ ಯಾವುದನ್ನ, ಎಷ್ಟು, ಯಾರ ಪಕ್ಕ ಕೂತು ನೋಡ್ತಾರೆ ಅನ್ನೋದು ಮುಖ್ಯ.

ಒಟ್ಟಿಗೆ ಕೂತು ನೋಡೋದು ನಮ್ಮ ಜಿಲ್ಲೆಗೆ ಹೊಸದಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರ ತಂಡ 1997ರಿಂದ ನಾಟಕ ಹೊತ್ತು ಊರೂರು ತಿರುಗ್ತಿದೆ. ಅಲ್ಲಿನ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಮಗು, ಮುದುಕರು ಒಟ್ಟಿಗೆ ಕೂತು ನೋಡ್ತಾರೆ. ಅಲ್ಲಿಯೇ ಒಂದು ರಾತ್ರಿ ಪರದೆ ಕಟ್ಟಿ ಒಳ್ಳೆ ಅನಿಮೇಷನ್ ತೋರಿಸಿದ್ರೆ ಹೇಗಿರುತ್ತೆ ಅಂತ ಯೋಚಿಸಿ ನೋಡಿ.

ಯಾವ ಕತೆ ತೋರಿಸೋದು ಅಂತ ಕೇಳಿದ್ರೆ ನನ್ನ ಉತ್ತರ ರೆಡಿ ಇದೆ. 1972ರ 'ನಾಗರಹಾವು' ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ಜಯಂತಿಯವರನ್ನ ಓಬವ್ವ ಮಾಡಿ ಕೋಟೆಯ ಕಿಂಡಿ ಹತ್ರ ನಿಲ್ಲಿಸಿದರು. ಆ ಕೆಲವು ನಿಮಿಷ ಇನ್ನೂ ಜನರ ಕಣ್ಣಲ್ಲಿದೆ. ಅದೇ ಕಿಂಡಿಯನ್ನ ಕಪ್ಪು ಆಕೃತಿಯಲ್ಲಿ ಕಲ್ಪಿಸ್ಕೊಳ್ಳಿ: ಬಂಡೆಯ ಸಂದಿನಿಂದ ತೂರುವ ಒಂದೊಂದೇ ತಲೆ, ಹಿಂದೆ ದೀಪದ ಬೆಳಕು, ಮೇಲೆತ್ತಿದ ಒನಕೆ, ಪಕ್ಕದಲ್ಲಿ ಗಂಡನಿಗೆ ಅಂತ ತಂದ ನೀರಿನ ಕೊಡ. ರಕ್ತ ತೋರಿಸೋ ಅಗತ್ಯವೇ ಇಲ್ಲ. ದನಿ ಮಾತ್ರ ದುರ್ಗದ ಕನ್ನಡದಲ್ಲೇ ಇರಬೇಕು, ಹೊಳಲ್ಕೆರೆಯ ಹುಡುಗಿ ಕೇಳಿದ್ರೆ "ಇದು ನಮ್ಮಜ್ಜಿ ಮಾತಾಡಿದಂಗೈತೆ" ಅನ್ನೋ ಹಾಗೆ.